ಆನ್‌ಲೈನ್ ಏಲಂನಲ್ಲಿ ಹಳೆ ಕಾರು: ದುಡ್ಡು ಕಟ್ಟುವ ಮುನ್ನ ಒಂದಿಷ್ಟು ವಿಚಾರ



ಹಬ್ಬದ ದಿನ ಬಲಿಪೂಜೆ ಮುಗಿದ ಮೇಲೆ ಚರ್ಚಿನ ವಠಾರದಲ್ಲಿ ಏಲಂ ನಡೆಯುವುದನ್ನು ನಾವೆಲ್ಲರೂ ನೋಡಿದವರೇ. ಬಾಳೆಗೊನೆ, ಕುಂಬಳಕಾಯಿ, ಹಲಸು, ಊರ ಕೋಳಿ ಎಂದು ಒಂದೊಂದನ್ನೇ ಎತ್ತಿ ಹಿಡಿದು ಕೂಗುತ್ತಾರೆ. ವಸ್ತು ಕಣ್ಣೆದುರೇ ಇರುತ್ತದೆ. ಬೇಕಾದರೆ ಮುಟ್ಟಿ ನೋಡಬಹುದು. ಅದು ಯಾರ ತೋಟದ್ದು ಎಂಬುದೂ ಗೊತ್ತು, ಬೆಲೆ ಏರಿಸುವ ಪಕ್ಕದವರ ಮುಖವೂ ಗೊತ್ತು. ಕ್ರಯ ನಾಲ್ಕು ಕಾಸು ಹೆಚ್ಚಾದರೂ ಬೇಸರವಿಲ್ಲ, ಹಣ ಚರ್ಚಿಗೇ ಸೇರುತ್ತದೆ.

ಮೊಬೈಲಿನಲ್ಲಿ ನಡೆಯುವ ಏಲಂ ಹಾಗಲ್ಲ. ಅಲ್ಲಿ ಕಾಣುವುದು ಹತ್ತು ಫೋಟೋ ಮತ್ತು ಓಡುತ್ತಿರುವ ಗಡಿಯಾರ. ಕಾರು ಎಲ್ಲೋ ದೂರದ ಊರಿನ ಯಾರ್ಡಿನಲ್ಲಿ ನಿಂತಿರುತ್ತದೆ. ಪೇಟೆಯಲ್ಲಿ ನಾಲ್ಕೂವರೆ ಲಕ್ಷ ಹೇಳುವ ಕಾರು ಅಲ್ಲಿ ಮೂರು ಲಕ್ಷಕ್ಕೆ ಸಿಗುತ್ತದೆ ಎಂದಾಗ ಯಾರಿಗೂ ಆಸೆಯಾಗುವುದು ಸಹಜ. ಇತ್ತೀಚಿನ ವರ್ಷಗಳಲ್ಲಿ ನಮ್ಮ ಕರಾವಳಿಯಲ್ಲೂ ಇಂಥ ಕಾರುಗಳನ್ನು ತರಿಸಿಕೊಳ್ಳುವವರು ಹೆಚ್ಚಾಗಿದ್ದಾರೆ. ಕೆಲವರಿಗೆ ಒಳ್ಳೆಯ ಕಾರು ಸಿಕ್ಕಿದೆ, ಅದನ್ನು ಅಲ್ಲಗಳೆಯುವುದಿಲ್ಲ. ಆದರೆ ಕೈಸುಟ್ಟುಕೊಂಡವರನ್ನೂ ನಾವು ಹತ್ತಿರದಿಂದ ಕಂಡಿದ್ದೇವೆ. ಆದ್ದರಿಂದ ಈ ಲೇಖನ.

ಒಂದು ಮನೆಯ ಕಥೆ

ನಮ್ಮ ಪರಿಚಯದವರೊಬ್ಬರು ಮುಂಬೈಯಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತರಾಗಿ ಊರಿಗೆ ಬಂದರು. ಮನೆಯಲ್ಲಿ ವಯಸ್ಸಾದ ತಾಯಿ. ಅವರನ್ನು ವಾರಕ್ಕೆ ಮೂರು ಸಲ ಡಯಾಲಿಸಿಸ್‌ಗೆ ಕರೆದುಕೊಂಡು ಹೋಗಬೇಕು. ಬಸ್ಸಿನಲ್ಲಿ ಸಾಧ್ಯವಿಲ್ಲ, ದಿನಾ ಬಾಡಿಗೆ ಕಾರು ಮಾಡಿದರೆ ಪೆನ್ಶನ್ ಸಾಲದು. ಒಂದು ಹಳೆ ಕಾರು ಕೊಳ್ಳೋಣ ಎಂದು ಹೊರಟರು. ಬ್ಯಾಂಕಿನ ಏಲಂ ಕಾರುಗಳನ್ನು ಆನ್‌ಲೈನಿನಲ್ಲಿ ಹಿಡಿದು ಕೊಡುವ ಒಬ್ಬ ಡೀಲರ್ ಫೋನಿನಲ್ಲಿ ಸಿಕ್ಕಿದ. ಚೆನ್ನೈಯ ಕಾರು, ಏಳು ವರ್ಷ ಹಳೆಯದು, ಕ್ರಯ 2 ಲಕ್ಷದ 90 ಸಾವಿರ. ಮೊದಲು 25 ಸಾವಿರ ಮುಂಗಡ. ಉಳಿದದ್ದನ್ನು ಮೂರು ದಿನದೊಳಗೆ ಕಟ್ಟದಿದ್ದರೆ ಮುಂಗಡ ಹೋಗುತ್ತದೆ ಎಂದ. ಇವರು ಕಟ್ಟಿದರು.

ಕಾರು ಟ್ರೈಲರಿನಲ್ಲಿ ಬಂತು. ತೊಳೆದು, ಪಾಲಿಶ್ ಮಾಡಿ, ಒಳಗೆ ಸೆಂಟ್ ಹೊಡೆದು ಘಮ ಘಮ ಎನ್ನುತ್ತಿತ್ತು. ಎರಡು ತಿಂಗಳು ಚೆನ್ನಾಗಿಯೇ ಓಡಿತು. ಜೂನ್ ಮಳೆ ಹಿಡಿದದ್ದೇ ತಡ, ಮೊದಲು ಕಿಟಕಿಯ ಗ್ಲಾಸ್ ಇಳಿಯುವುದು ನಿಂತಿತು, ಬಳಿಕ ಮೀಟರ್ ಬೋರ್ಡಿನಲ್ಲಿ ಬೇಡದ ದೀಪಗಳೆಲ್ಲ ಹೊತ್ತಿದವು. ಒಂದು ದಿನ ತಾಯಿ ಹಿಂದಿನ ಸೀಟಿನಲ್ಲಿದ್ದಾಗಲೇ ಕಾರು ಹೆದ್ದಾರಿಯ ಮಧ್ಯೆ ನಿಂತುಬಿಟ್ಟಿತು. ಗ್ಯಾರೇಜಿನವರು ಕೆಳಗಿನ ಕಾರ್ಪೆಟ್ ಎತ್ತಿ ನೋಡಿದರೆ ಒಣಗಿದ ಕೆಸರು. ಕಾರು ಸೀಟಿನ ಮಟ್ಟಕ್ಕೆ ನೀರಿನಲ್ಲಿ ಮುಳುಗಿತ್ತು.

ಕಾಗದಪತ್ರದ ಕಥೆ ಇನ್ನೊಂದು. ಆರ್‌ಸಿ ಚೆನ್ನೈಯ ಯಾರದೋ ಹೆಸರಿನಲ್ಲಿತ್ತು. ಅದರಲ್ಲಿ ಸಾಲದ ನಮೂದು ಹಾಗೆಯೇ ಇತ್ತು. ಕೊಡುತ್ತೇನೆಂದಿದ್ದ ಎನ್‌ಒಸಿ ಬರಲಿಲ್ಲ. ಡೀಲರ್ ಫೋನ್ ಎತ್ತುವುದನ್ನು ನಿಲ್ಲಿಸಿದ. ಈಗ ಆ ಕಾರು ಮನೆಯ ಹಿಂದೆ ಟಾರ್ಪಾಲಿನ ಅಡಿಯಲ್ಲಿದೆ. ಓಡಿಸುವಂತಿಲ್ಲ, ಮಾರುವಂತಿಲ್ಲ. ತಾಯಿ ಈಗಲೂ ಬಾಡಿಗೆ ಕಾರಿನಲ್ಲೇ ಆಸ್ಪತ್ರೆಗೆ ಹೋಗುತ್ತಾರೆ.

ಇವರು ಓದಿದವರು, ಲೋಕ ಕಂಡವರು. ಆದರೂ ಮೋಸ ಹೋದರು. ಯಾಕೆ ಎಂದು ತಿಳಿಯಬೇಕಾದರೆ ಈ ಏಲಂ ಹೇಗೆ ನಡೆಯುತ್ತದೆ ಎಂಬುದನ್ನು ಮೊದಲು ನೋಡಬೇಕು.

ಈ ಕಾರುಗಳು ಎಲ್ಲಿಂದ ಬರುತ್ತವೆ?

ಮುಖ್ಯವಾಗಿ ಮೂರು ಕಡೆಯಿಂದ.

ಮೊದಲನೆಯದು, ಸಾಲದ ಕಂತು ಕಟ್ಟದೆ ಬ್ಯಾಂಕು ಅಥವಾ ಫೈನಾನ್ಸ್ ಕಂಪೆನಿ ಹಿಂದಕ್ಕೆ ಪಡೆದ ಕಾರುಗಳು. ಕಂತು ಕಟ್ಟಲಾಗದವನು ಸರ್ವಿಸ್ ಮಾಡಿಸಿರುವುದು ಕಡಿಮೆ. ಹಿಡಿದ ಮೇಲೆ ಕಾರು ಯಾರ್ಡಿನಲ್ಲಿ ಬಿಸಿಲು ಮಳೆಗೆ ತಿಂಗಳುಗಟ್ಟಲೆ ನಿಂತಿರುತ್ತದೆ.

ಎರಡನೆಯದು, ವಿಮಾ ಕಂಪೆನಿಗಳು ‘ಟೋಟಲ್ ಲಾಸ್’ ಎಂದು ತೀರ್ಮಾನಿಸಿದ ಕಾರುಗಳು. ಅಪಘಾತ ಅಥವಾ ನೆರೆಯಿಂದ ಹಾಳಾದ ಕಾರಿನ ರಿಪೇರಿ ಖರ್ಚು ಅದರ ವಿಮಾ ಮೌಲ್ಯದ ಶೇಕಡಾ 75ನ್ನು ದಾಟಿದರೆ ಕಂಪೆನಿ ರಿಪೇರಿಗೆ ಹೋಗದೆ ಪರಿಹಾರ ಕೊಡುತ್ತದೆ, ಉಳಿದ ಅವಶೇಷವನ್ನು ಏಲಂ ಮಾಡುತ್ತದೆ. ಅದನ್ನು ಕೊಂಡವರು ಬಡಿದು ನೆಟ್ಟಗೆ ಮಾಡಿ, ಬಣ್ಣ ಹೊಡೆದು ಮತ್ತೆ ಮಾರಾಟಕ್ಕೆ ಇಡುವುದುಂಟು.

ಮೂರನೆಯದು, ಸರಕಾರಿ ಇಲಾಖೆಗಳ ಹಳೆ ಜೀಪು, ಕಾರುಗಳು. ಕೇಂದ್ರ ಸರಕಾರದ ಉದ್ಯಮವಾದ ಎಂಎಸ್‌ಟಿಸಿಯ ಮೂಲಕ ಇಂಥ ಏಲಂ ನಡೆಯುತ್ತದೆ. ಇಲ್ಲಿ ಒಂದು ಮಾತು ನೆನಪಿರಲಿ: 2023ರ ಏಪ್ರಿಲ್ 1ರಿಂದ, 15 ವರ್ಷ ದಾಟಿದ ಸರಕಾರಿ ವಾಹನಗಳ ನೋಂದಣಿ ನವೀಕರಣ ಆಗುವುದಿಲ್ಲ. ಅವು ನೋಂದಾಯಿತ ಗುಜರಿ ಕೇಂದ್ರಕ್ಕೇ ಹೋಗಬೇಕು. ‘ಹಳೆ ಸರಕಾರಿ ಜೀಪು, ಗಟ್ಟಿಮುಟ್ಟು, ನಿಮ್ಮ ಹೆಸರಿಗೆ ಮಾಡಿಸಿಕೊಡುತ್ತೇವೆ’ ಎಂದು ಯಾರಾದರೂ ಹೇಳಿದರೆ ಅದು ಎಷ್ಟು ವರ್ಷ ಹಳೆಯದು ಎಂದು ಮೊದಲು ಕೇಳಿ.

ಈ ಏಲಂಗಳಲ್ಲಿ ಹೆಚ್ಚಾಗಿ ಕೂಗುವವರು ನೋಂದಣಿ ಮಾಡಿಕೊಂಡ ಡೀಲರ್‌ಗಳು. ಅವರು ಒಂದೇ ಸಲ ಹತ್ತಾರು ಕಾರು ಹಿಡಿಯುತ್ತಾರೆ. ಒಳ್ಳೆಯದನ್ನು ತಮ್ಮ ಅಂಗಡಿಗೆ ಅಥವಾ ಗುರುತಿನ ಗಿರಾಕಿಗೆ ಇಟ್ಟುಕೊಳ್ಳುವುದು ವ್ಯಾಪಾರದ ಸ್ವಭಾವ. ಉಳಿದದ್ದು ದೂರದ ಊರಿನ, ಮುಖ ನೋಡದ ಗಿರಾಕಿಗೆ. ಆ ದೂರದ ಗಿರಾಕಿ ನಾವು.

‘ಇದ್ದ ಹಾಗೆ, ಇದ್ದಲ್ಲೇ’

ಏಲಂನ ಷರತ್ತುಗಳಲ್ಲಿ ಒಂದು ಸಾಲು ತಪ್ಪದೆ ಇರುತ್ತದೆ: ವಾಹನವನ್ನು ‘ಆಸ್ ಈಸ್ ವೇರ್ ಈಸ್’ ಆಧಾರದಲ್ಲಿ ಮಾರಲಾಗುತ್ತದೆ ಎಂದು. ಅಂದರೆ ಇದ್ದ ಹಾಗೆ, ಇದ್ದಲ್ಲಿಂದಲೇ ತೆಗೆದುಕೊಂಡು ಹೋಗಬೇಕು. ಇಂಜಿನ್ ಹೋಗಿದೆಯೇ, ಗೇರ್ ಬಾಕ್ಸ್ ಉಂಟೇ, ತೆರಿಗೆ ಬಾಕಿಯೇ, ದಂಡ ಬಾಕಿಯೇ ಎಂಬುದೆಲ್ಲ ಕೊಂಡವನ ತಲೆಗೆ. ಕ್ರಯ ಕಡಿಮೆಯಾಗಲು ಇದೇ ಕಾರಣ. ಮಾರುವವನ ಮೇಲಿದ್ದ ಅಪಾಯವನ್ನು ನಾವು ಕೊಂಡುಕೊಳ್ಳುತ್ತಿದ್ದೇವೆ, ಕಾರು ಅದರ ಜತೆಗೆ ಬರುತ್ತದೆ ಎಂದರೂ ತಪ್ಪಿಲ್ಲ.

ಆಮೇಲೆ ಗ್ರಾಹಕ ನ್ಯಾಯಾಲಯಕ್ಕೆ ಹೋಗೋಣ ಎಂದುಕೊಳ್ಳುವವರಿದ್ದಾರೆ. ಅದು ಅಷ್ಟು ಸುಲಭವಲ್ಲ. ಚಂಡೀಗಢದ ನಿವೇಶನಗಳ ಸಾರ್ವಜನಿಕ ಏಲಂ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2009ರಲ್ಲಿ, ಇದ್ದ ಸ್ಥಿತಿಯನ್ನು ತಿಳಿದೇ ಏಲಂನಲ್ಲಿ ಕೊಂಡವನು ಗ್ರಾಹಕನಲ್ಲ ಎಂದು ಹೇಳಿದೆ. ಅದು ನಿವೇಶನದ ವಿಷಯವಾದರೂ, ಏಲಂ ಮಾಡಿದವರ ವಕೀಲರು ಅದನ್ನು ಮುಂದಿಡುವುದು ಖಂಡಿತ. ಆದರೆ ಡೀಲರ್ ನಮ್ಮಿಂದ ಕಮಿಷನ್ ಪಡೆದಿದ್ದರೆ, ಕಾರಿನ ಬಗ್ಗೆ ಸುಳ್ಳು ಹೇಳಿದ್ದರೆ, ಅವನ ಮೇಲಿನ ದೂರಿನ ದಾರಿ ಬೇರೆ. ಅದಕ್ಕೆ ಅವನು ಹೇಳಿದ್ದು ಬರವಣಿಗೆಯಲ್ಲಿ ಇರಬೇಕು. ಫೋನಿನಲ್ಲಿ ಆಡಿದ ಮಾತಿಗೆ ಸಾಕ್ಷಿಯಿಲ್ಲ.

1930ರ ಸರಕು ಮಾರಾಟ ಕಾಯಿದೆಯ ಎರಡು ವಿಷಯಗಳೂ ತಿಳಿದಿರಲಿ. ಒಂದು, ಮಾರುವವನಿಗೆ ಇಲ್ಲದ ಹಕ್ಕು ಸಾಮಾನ್ಯವಾಗಿ ಕೊಳ್ಳುವವನಿಗೂ ಸಿಗುವುದಿಲ್ಲ. ಕದ್ದ ಕಾರನ್ನು ನಾವು ಪೂರ್ತಿ ಹಣ ಕೊಟ್ಟು ಕೊಂಡರೂ ಅದು ಮೂಲ ಮಾಲಕನದ್ದೇ. ಇನ್ನೊಂದು, ಮಾರುವವನು ಸುಳ್ಳು ಬಿಡ್‌ದಾರರನ್ನು ನಿಲ್ಲಿಸಿ ಬೆಲೆ ಏರಿಸಿದರೆ ಕೊಂಡವನು ಆ ವ್ಯಾಪಾರವನ್ನು ರದ್ದು ಮಾಡಬಹುದು. ಆದರೆ ಮೊಬೈಲಿನ ಪರದೆಯ ಹಿಂದೆ ಕೂಗಿದವರು ಯಾರು ಎಂದು ರುಜುವಾತು ಮಾಡುವುದು ಹೇಗೆ?

ಕೂಗಿದ ಕ್ರಯ ಕೊಡುವ ಕ್ರಯವಲ್ಲ

ಉದಾಹರಣೆಗೆ ಒಂದು ಲೆಕ್ಕ ಹಾಕೋಣ. ಹೊರರಾಜ್ಯದ ಕಾರು, ಹೊಸದಾಗಿದ್ದಾಗ 8 ಲಕ್ಷ, ನಾವು ಕೂಗಿದ್ದು 3 ಲಕ್ಷ ಎಂದಿಟ್ಟುಕೊಳ್ಳಿ. ಏಲಂ ಶುಲ್ಕ ಮತ್ತು ಡೀಲರ್ ಕಮಿಷನ್ 15 ಸಾವಿರ, ಅದರ ಮೇಲೆ ಶೇಕಡಾ 18 ಜಿಎಸ್‌ಟಿ 2,700. ಟ್ರೈಲರ್ ಬಾಡಿಗೆ 15 ಸಾವಿರ. ಎನ್‌ಒಸಿ, ಆರ್‌ಟಿಒ ಓಡಾಟ 10 ಸಾವಿರ. ವಿಮೆ 12 ಸಾವಿರ. ಟಯರ್, ಬ್ಯಾಟರಿ, ಸರ್ವಿಸ್ 40 ಸಾವಿರ.

ಉಳಿದದ್ದು ಕರ್ನಾಟಕದ ಆಜೀವ ತೆರಿಗೆ. ಇಲ್ಲಿಯೇ ಹಲವರು ಎಡವುವುದು. ಈ ತೆರಿಗೆಯ ಲೆಕ್ಕ ನಾವು ಕೂಗಿದ 3 ಲಕ್ಷದ ಮೇಲಲ್ಲ. ಕಾರು ಹೊಸದಾಗಿದ್ದಾಗಿನ ಬೆಲೆ ಹಿಡಿದು, ಅದರ ವಯಸ್ಸಿಗೆ ತಕ್ಕ ಕಡಿತ ಕಳೆದು ಲೆಕ್ಕ ಹಾಕುತ್ತಾರೆ. ಕಡಿತ ಕಳೆದು 80 ಸಾವಿರ ಬಂತು ಎಂದಿಟ್ಟುಕೊಂಡರೆ ಒಟ್ಟು ಮೊತ್ತ 4,74,700 ರೂಪಾಯಿ. ಇಷ್ಟಕ್ಕೆ ನಮ್ಮ ಊರಿನಲ್ಲೇ, ಕೆಎ 19 ಅಥವಾ ಕೆಎ 20 ನಂಬರಿನ, ಪರಿಚಯದವರು ಓಡಿಸಿದ ಕಾರನ್ನು ನೋಡಿ, ಓಡಿಸಿ ಕೊಳ್ಳಬಹುದಿತ್ತು.

ಮೇಲಿನ ಅಂಕಿಗಳು ಲೆಕ್ಕ ತಿಳಿಸಲು ಕೊಟ್ಟವು. ನಿಮ್ಮ ಕಾರಿನ ತೆರಿಗೆ ಎಷ್ಟು ಎಂಬುದನ್ನು ಬಿಡ್ ಹಾಕುವ ಮೊದಲೇ ನಿಮ್ಮ ಆರ್‌ಟಿಒ ಕಚೇರಿಯಲ್ಲಿ ಕೇಳಿ ತಿಳಿದುಕೊಳ್ಳಿ. ಹಿಂದಿನ ರಾಜ್ಯದಲ್ಲಿ ಕಟ್ಟಿದ ತೆರಿಗೆಯ ಉಳಿದ ಭಾಗವನ್ನು ಮರಳಿ ಕೇಳುವ ಅವಕಾಶವಿದ್ದರೂ, ಅದಕ್ಕೆ ಆ ರಾಜ್ಯದ ಕಚೇರಿಗೇ ಅರ್ಜಿ ಹಾಕಿ ಓಡಾಡಬೇಕು. ಅದನ್ನು ನಂಬಿ ಲೆಕ್ಕ ಹಾಕಬೇಡಿ.

ದೆಹಲಿಯ ಕಾರುಗಳು ಅಗ್ಗವೆಂದು ಕೇಳಿರಬಹುದು. ಅಲ್ಲಿ 10 ವರ್ಷ ಮೀರಿದ ಡೀಸೆಲ್ ಮತ್ತು 15 ವರ್ಷ ಮೀರಿದ ಪೆಟ್ರೋಲ್ ವಾಹನಗಳ ಮೇಲೆ ಹಸಿರು ನ್ಯಾಯಮಂಡಳಿ 2015ರಲ್ಲಿ ನಿರ್ಬಂಧ ಹೇರಿತು, 2018ರಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. 2025ರಲ್ಲಿ ಈ ವಿಷಯ ಮತ್ತೆ ಸುಪ್ರೀಂ ಕೋರ್ಟಿನ ಮುಂದೆ ಬಂದು ಸ್ವಲ್ಪ ಸಡಿಲಿಕೆ ಸಿಕ್ಕಿತು. ಈ ಗೊಂದಲದ ನಡುವೆ ಅಲ್ಲಿನ ಹಳೆ ಕಾರುಗಳು ಕಡಿಮೆ ಬೆಲೆಗೆ ಹೊರರಾಜ್ಯಗಳಿಗೆ ಹೋಗುತ್ತಾ ಬಂದಿವೆ. ಅಂಥ ಕಾರಿಗೆ ಎನ್‌ಒಸಿ ಸಿಕ್ಕೀತೇ, ನಮ್ಮ ಆರ್‌ಟಿಒ ಒಪ್ಪೀತೇ ಎಂಬುದನ್ನು ಹಣ ಕೊಡುವ ಮೊದಲೇ ಖಚಿತ ಮಾಡಿಕೊಳ್ಳಬೇಕು. 15 ವರ್ಷ ತುಂಬುತ್ತಾ ಬಂದ ಕಾರಾದರೆ ನೋಂದಣಿ ನವೀಕರಣದ ಖರ್ಚೂ ಬೇರೆ ಉಂಟು.

ಕಾರು ಈಗ ಯಾರದ್ದು?

ಕಾಗದಪತ್ರಗಳಲ್ಲಿ ನೋಡಬೇಕಾದವು ಇವು.

ಆರ್‌ಸಿ: ಬ್ಯಾಂಕು ಹಿಡಿದ ಕಾರಾದರೂ ಆರ್‌ಸಿ ಹಳೆ ಮಾಲಕನ ಹೆಸರಿನಲ್ಲೇ ಇರುವುದುಂಟು. ಫಾರ್ಮ್ 36ರ ಮೂಲಕ ಬ್ಯಾಂಕು ಆರ್‌ಸಿಯನ್ನು ತನ್ನ ಹೆಸರಿಗೆ ಮಾಡಿಸಿಕೊಳ್ಳಬಹುದು. ಆ ಕೆಲಸ ಆಗಿದೆಯೇ ಎಂದು ಕೇಳಿ. ಇಲ್ಲವಾದರೆ ಹಳೆ ಮಾಲಕನ ಸಹಿಗಾಗಿ ಅಲೆಯಬೇಕಾದೀತು. ಕಾರು ಕಳೆದುಕೊಂಡವನು ಸುಲಭದಲ್ಲಿ ಸಹಿ ಹಾಕುವುದಿಲ್ಲ.

ಸಾಲದ ನಮೂದು: ಫಾರ್ಮ್ 35 ಮತ್ತು ಬ್ಯಾಂಕಿನ ಪತ್ರ ಇಲ್ಲದೆ ಆರ್‌ಸಿಯಿಂದ ಸಾಲದ ನಮೂದು ಹೋಗುವುದಿಲ್ಲ. ಅದು ಹೋಗದೆ ಮುಂದಿನ ಯಾವ ಕೆಲಸವೂ ಸರಿಯಾಗಿ ನಡೆಯುವುದಿಲ್ಲ.

ಎನ್‌ಒಸಿ: ಹೊರರಾಜ್ಯದ ಕಾರಿಗೆ ಅಲ್ಲಿನ ಆರ್‌ಟಿಒ ಕೊಡುವ ಫಾರ್ಮ್ 28 ಬೇಕೇ ಬೇಕು. ‘ಕಾರು ಮೊದಲು ಬರಲಿ, ಎನ್‌ಒಸಿ ಕೊರಿಯರಿನಲ್ಲಿ ಬರುತ್ತದೆ’ ಎಂಬ ಮಾತನ್ನು ನಂಬಬೇಡಿ. ನಮ್ಮ ಪರಿಚಯದವರು ಕೆಟ್ಟದ್ದು ಅಲ್ಲಿಯೇ.

ವರ್ಗಾವಣೆ: ಸಾಮಾನ್ಯ ಮಾರಾಟಕ್ಕೆ ಫಾರ್ಮ್ 29 ಮತ್ತು 30. ಕೊಂಡವರು 30 ದಿನದೊಳಗೆ ಅರ್ಜಿ ಸಲ್ಲಿಸಬೇಕು. ಸರಕಾರದ ಪರವಾಗಿ ನಡೆದ ಏಲಂನಲ್ಲಿ ಕೊಂಡದ್ದಾದರೆ ಮಾತ್ರ ಫಾರ್ಮ್ 32. ಖಾಸಗಿಯವರು ತಮ್ಮ ಮಾರಾಟಕ್ಕೆ ‘ಏಲಂ’ ಎಂದು ಹೆಸರಿಟ್ಟ ಮಾತ್ರಕ್ಕೆ ಅದು ಅನ್ವಯಿಸುವುದಿಲ್ಲ.

ಪೊಲೀಸ್ ದಾಖಲೆ: ಕಾರು ಕಳವಿನದ್ದೋ ಎಂಬುದನ್ನು ರಾಷ್ಟ್ರೀಯ ಅಪರಾಧ ದಾಖಲೆ ವಿಭಾಗದ ಅಂತರ್ಜಾಲ ಸೇವೆಯಲ್ಲಿ ನೋಂದಣಿ, ಚಾಸಿಸ್ ಮತ್ತು ಇಂಜಿನ್ ನಂಬರ್ ಕೊಟ್ಟು ತಿಳಿಯಬಹುದು.

ಇವುಗಳಲ್ಲಿ ಹೆಚ್ಚಿನ ಮಾಹಿತಿ ಸರಕಾರದ ವಾಹನ್ ತಾಣದಲ್ಲಿ ಮತ್ತು ಎಂಪರಿವಾಹನ್ ಆಪ್‌ನಲ್ಲಿ ಸಿಗುತ್ತದೆ. ಕಾರಿನ ನಂಬರ್ ಹಾಕಿದರೆ ಎಷ್ಟನೇ ಮಾಲಕ, ಸಾಲ ಉಂಟೇ, ವಿಮೆ ಯಾವಾಗ ಮುಗಿಯುತ್ತದೆ, ತೆರಿಗೆ ಎಲ್ಲಿವರೆಗೆ, ಕಪ್ಪುಪಟ್ಟಿಯಲ್ಲಿದೆಯೇ ಎಂಬುದು ಕಾಣುತ್ತದೆ. ಬಾಕಿ ದಂಡವನ್ನು ಇ-ಚಲನ್ ತಾಣದಲ್ಲಿ ನೋಡಬಹುದು. ಐದು ನಿಮಿಷದ ಕೆಲಸ. ಮನೆಯ ಮಕ್ಕಳಿಗೆ ಹೇಳಿದರೂ ಮಾಡಿಕೊಡುತ್ತಾರೆ.

ಡೀಲರ್ ಬಗ್ಗೆಯೂ ಒಂದು ನಿಯಮವಿದೆ. 2023ರ ಏಪ್ರಿಲ್ 1ರಿಂದ ಹಳೆ ವಾಹನಗಳ ಡೀಲರ್‌ಗಳು ಸಾರಿಗೆ ಇಲಾಖೆಯಿಂದ ಅಧಿಕಾರ ಪತ್ರ ಪಡೆಯಬೇಕು. ಅದು ಫಾರ್ಮ್ 29ಬಿ. ಮಾಲಕನು ಕಾರನ್ನು ಅಂಥ ಡೀಲರ್‌ಗೆ ಒಪ್ಪಿಸಿದ್ದನ್ನು ಫಾರ್ಮ್ 29ಸಿ ಮೂಲಕ ತಿಳಿಸಿದ ಮೇಲೆ ಆ ಕಾರಿನ ಜವಾಬ್ದಾರಿ ಡೀಲರ್‌ನದ್ದು. ‘ನಿಮ್ಮ 29ಬಿ ಪ್ರತಿ ಕಳುಹಿಸಿ’ ಎಂದು ಕೇಳಿ ನೋಡಿ. ಸರಿಯಾದ ಡೀಲರ್ ಬೇಸರಪಡುವುದಿಲ್ಲ. ತಪ್ಪಿಸಿಕೊಳ್ಳುವವನಿಂದ ನಾವೂ ತಪ್ಪಿಸಿಕೊಳ್ಳುವುದು ಒಳ್ಳೆಯದು.

ನೀರು ಕುಡಿದ ಕಾರು

ಮುಂಬೈಯಲ್ಲಿ 2005ರ ಜುಲೈ 26ರಂದು ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದದ್ದನ್ನು ಅಲ್ಲಿದ್ದ ನಮ್ಮವರು ಇನ್ನೂ ಮರೆತಿಲ್ಲ. ಬಳಿಕ 2015ರ ಡಿಸೆಂಬರಿನಲ್ಲಿ ಚೆನ್ನೈ, 2018ರ ಆಗಸ್ಟಿನಲ್ಲಿ ಕೇರಳ, 2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತದಿಂದ ಮತ್ತೆ ಚೆನ್ನೈ ಮುಳುಗಿತು. ಪ್ರತಿ ನೆರೆಯ ಬಳಿಕ ಸಾವಿರಾರು ಕಾರುಗಳು ವಿಮಾ ಕಂಪೆನಿಗಳ ಕೈಸೇರುತ್ತವೆ. ಅವುಗಳಲ್ಲಿ ಒಂದಷ್ಟು, ತೊಳೆದು ಒಣಗಿಸಿ, ನೆರೆಯ ಸುದ್ದಿ ಮರೆತುಹೋದ ದೂರದ ಊರುಗಳಿಗೆ ಬರುತ್ತವೆ.

ನೀರು ಹೊಕ್ಕ ಕಾರಿನ ತೊಂದರೆ ಏನೆಂದರೆ ಅದು ಕೂಡಲೇ ಕೆಡುವುದಿಲ್ಲ. ಇಂದಿನ ಕಾರಿನ ಬ್ರೇಕು, ಏರ್‌ಬ್ಯಾಗ್, ಇಂಜಿನ್ ಎಲ್ಲವೂ ತಂತಿ ಮತ್ತು ಕಂಪ್ಯೂಟರ್ ಪೆಟ್ಟಿಗೆಗಳ ಅಧೀನ. ಕನೆಕ್ಟರುಗಳ ಒಳಗೆ ಉಳಿದ ತೇವ ನಿಧಾನವಾಗಿ ತುಕ್ಕು ತರುತ್ತದೆ. ಮೂರು ತಿಂಗಳೋ ಆರು ತಿಂಗಳೋ ಕಳೆದು ಒಂದೊಂದೇ ಕೈಕೊಡುತ್ತದೆ. ಅಪಘಾತದಲ್ಲಿ ಏರ್‌ಬ್ಯಾಗ್ ತೆರೆಯದಿದ್ದರೆ ಅದರ ಬೆಲೆ ಜೀವ. ನಮ್ಮ ಕರಾವಳಿಯ ಉಪ್ಪುಗಾಳಿಯೂ ತೇವವೂ ತುಕ್ಕನ್ನು ಇನ್ನಷ್ಟು ಬೇಗ ಬೆಳೆಸುತ್ತವೆ.

ಗುರುತಿಸುವುದು ಹೇಗೆ? ಸೀಟ್ ಬೆಲ್ಟನ್ನು ಕೊನೆಯವರೆಗೂ ಎಳೆದು ನೋಡಿ. ಹೊರಗಿನ ಭಾಗ ತೊಳೆದಿದ್ದರೂ ಒಳಗೆ ಸುತ್ತಿಕೊಂಡ ಭಾಗದಲ್ಲಿ ಕೆಸರಿನ ಗೆರೆ ಉಳಿದಿರುತ್ತದೆ. ಕಾಲಿನ ಕೆಳಗಿನ ಕಾರ್ಪೆಟ್ ಎತ್ತಿಸಿ. ಸೀಟಿನ ಕೆಳಗಿನ ಬೋಲ್ಟ್ ಮತ್ತು ಹಳಿಗಳಲ್ಲಿ ತುಕ್ಕು ಉಂಟೇ ನೋಡಿ. ಸ್ಟೆಪ್ನಿ ಇಡುವ ಗುಂಡಿಯನ್ನು ಕೈಯಿಂದ ಒರೆಸಿ ನೋಡಿ. ಹೆಡ್‌ಲೈಟಿನ ಒಳಗೆ ಮಂಜು ಕಟ್ಟಿದ್ದರೆ, ಕಾರಿನೊಳಗೆ ಸೆಂಟಿನ ಪರಿಮಳ ಬೇಕಾದ್ದಕ್ಕಿಂತ ಹೆಚ್ಚಿದ್ದರೆ ಸಂಶಯಪಡಿ. ಇದ್ಯಾವುದೂ ಫೋಟೋದಲ್ಲಿ ಕಾಣುವುದಿಲ್ಲ.

ಹಾಗೆಯೇ, ಕೀ ತಿರುಗಿಸಿದಾಗ ಏರ್‌ಬ್ಯಾಗ್ ದೀಪ ಒಮ್ಮೆ ಹೊತ್ತಿ ಆರಬೇಕು. ಹೊತ್ತದೇ ಇದ್ದರೆ ಯಾರೋ ಅದನ್ನು ಕಟ್ ಮಾಡಿರಬಹುದು. ಟಯರಿನ ಬದಿಯಲ್ಲಿ ನಾಲ್ಕು ಅಂಕಿ ಇರುತ್ತದೆ. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು ಎಂದರ್ಥ. ಮೀಟರ್ 30 ಸಾವಿರ ತೋರಿಸುತ್ತಿದ್ದು, ಸ್ಟೀರಿಂಗ್ ಸವೆದು ನುಣುಪಾಗಿ, ಪೆಡಲಿನ ರಬ್ಬರ್ ಕಿತ್ತುಹೋಗಿದ್ದರೆ ಮೀಟರ್ ಹಿಂದಕ್ಕೆ ತಿರುಗಿಸಿರುವ ಸಾಧ್ಯತೆ ಹೆಚ್ಚು. ಆ ಕಂಪೆನಿಯ ಅಧಿಕೃತ ಸರ್ವಿಸ್ ಸ್ಟೇಷನ್ನಿನಲ್ಲಿ ಸರ್ವಿಸ್ ದಾಖಲೆ ವಿಚಾರಿಸಿದರೆ ನಿಜ ತಿಳಿಯುತ್ತದೆ.

ಟೋಟಲ್ ಲಾಸ್ ಕಾರಿನಲ್ಲಿ ಇನ್ನೊಂದು ದೊಡ್ಡ ಅಪಾಯ ಉಂಟು. ಪೂರ್ತಿ ನಾಶವಾದ ವಾಹನದ ಆರ್‌ಸಿಯನ್ನು ಮಾಲಕ 14 ದಿನದೊಳಗೆ ರದ್ದತಿಗೆ ಒಪ್ಪಿಸಬೇಕೆಂದು ಮೋಟಾರು ವಾಹನ ಕಾಯಿದೆಯ 55ನೇ ಕಲಮು ಹೇಳುತ್ತದೆ. ಹಾಗೆ ರದ್ದಾಗದೆ ಉಳಿದ ಆರ್‌ಸಿಯನ್ನು ಏಲಂನಲ್ಲಿ ಅವಶೇಷದ ಜತೆ ಪಡೆದು, ಅದೇ ಮಾಡೆಲಿನ ಕಳವಿನ ಕಾರಿಗೆ ಆ ಚಾಸಿಸ್ ನಂಬರ್ ಕೊರೆದು ಮಾರುವ ಜಾಲಗಳು ಉತ್ತರ ಭಾರತದಲ್ಲಿ ಪೊಲೀಸರ ಕೈಗೆ ಸಿಕ್ಕಿವೆ. ಚಾಸಿಸ್ ನಂಬರಿನ ಸುತ್ತ ಉಜ್ಜಿದ, ವೆಲ್ಡ್ ಮಾಡಿದ ಗುರುತು ಇದ್ದರೆ ಆ ಕಾರನ್ನು ಮುಟ್ಟಲೇಬೇಡಿ.

ಏಲಂ ಇಲ್ಲ, ಕಾರೂ ಇಲ್ಲ

ಇಷ್ಟೆಲ್ಲ ಕಾರು ಇದ್ದರೆ ತಾನೇ? ಕಾರೇ ಇಲ್ಲದ ಏಲಂಗಳೂ ಇವೆ. ಬ್ಯಾಂಕಿನ ಹೆಸರು, ಲಾಂಛನ ನಕಲು ಮಾಡಿದ ತಾಣ; ಬೇರೆಲ್ಲಿಂದಲೋ ಕದ್ದ ಫೋಟೋ; ಮುಂಗಡವನ್ನು ಯಾರದೋ ಸ್ವಂತ ಖಾತೆಗೆ ಹಾಕಲು ಹೇಳುವುದು. ಹಣ ಹಾಕಿದ ಮೇಲೆ ಗೇಟ್ ಪಾಸ್‌ಗೆ ಇಷ್ಟು, ಪಾರ್ಕಿಂಗಿಗೆ ಇಷ್ಟು ಎಂದು ಮತ್ತೆ ಮತ್ತೆ ಕೇಳುತ್ತಾರೆ. ‘ನಾನು ಸೇನೆಯವನು, ವರ್ಗಾವಣೆಯಾಗಿದೆ, ಕಾರು ಕಡಿಮೆಗೆ ಕೊಡುತ್ತೇನೆ’ ಎಂದು ಸಮವಸ್ತ್ರದ ಫೋಟೋ, ಗುರುತಿನ ಚೀಟಿ ಕಳುಹಿಸಿ ನಂಬಿಸುವುದು ಇನ್ನೊಂದು ಹಳೆಯ ಉಪಾಯ.

ನಿಜವಾದ ಬ್ಯಾಂಕ್ ಏಲಂನಲ್ಲಿ ಹಣ ಸಂಸ್ಥೆಯ ಖಾತೆಗೆ ಹೋಗುತ್ತದೆ, ರಶೀದಿ ಬರುತ್ತದೆ, ಕಾರು ನೋಡಲು ದಿನ ನಿಗದಿಯಾಗಿರುತ್ತದೆ. ಸಂಶಯವಿದ್ದರೆ ಆ ಬ್ಯಾಂಕಿನ ನಮ್ಮೂರ ಶಾಖೆಗೇ ಹೋಗಿ ಕೇಳಿ. ಮೋಸ ಹೋದದ್ದು ಗೊತ್ತಾದರೆ ನಾಚಿಕೆಯಿಂದ ಮುಚ್ಚಿಡದೆ ಕೂಡಲೇ 1930ಕ್ಕೆ ಕರೆ ಮಾಡಿ. ಮೊದಲ ಕೆಲವು ಗಂಟೆಗಳಲ್ಲಿ ದೂರು ಕೊಟ್ಟರೆ ಹಣ ಮುಂದೆ ಹೋಗದಂತೆ ತಡೆಯುವ ಸಾಧ್ಯತೆ ಇರುತ್ತದೆ.

ಗಲ್ಫಿನಲ್ಲಿರುವ ನಮ್ಮವರಿಗೆ

ದುಬಾಯಿ, ಶಾರ್ಜಾಗಳಲ್ಲಿರುವ ನಮ್ಮ ಓದುಗರಿಗೂ ಇದು ಹೊಸತಲ್ಲ. ಅಮೆರಿಕದ ವಿಮಾ ಏಲಂಗಳಲ್ಲಿ ಕೊಂಡ ಜಖಂ ಕಾರುಗಳು ಅಲ್ಲಿಗೆ ಹಡಗಿನಲ್ಲಿ ಬಂದು, ರಿಪೇರಿಯಾಗಿ ಮಾರಾಟವಾಗುತ್ತವೆ. 2024ರ ಏಪ್ರಿಲ್ 16ರಂದು ಯುಎಇಯಲ್ಲೇ ಹಿಂದೆಂದೂ ಕಾಣದ ಮಳೆ ಸುರಿಯಿತು. ಅಲ್ ಐನ್ ಪ್ರದೇಶದ ಒಂದೆಡೆ ಒಂದು ದಿನದೊಳಗೆ 254 ಮಿಲಿಮೀಟರ್ ದಾಖಲಾಯಿತು. ಮುಳುಗಿದ ಕಾರುಗಳಿಗೆ ಲೆಕ್ಕವಿಲ್ಲ. ‘ಪಾಸಿಂಗ್’ ಆಗಿದೆ, ಮುಲ್ಕಿಯಾ ಸರಿಯಿದೆ ಎಂದ ಮಾತ್ರಕ್ಕೆ ಕಾರಿನ ಪೂರ್ವಕಥೆ ಸರಿಯಿದೆ ಎಂದಲ್ಲ. ಆ ಪರೀಕ್ಷೆ ನೋಡುವುದು ಇವತ್ತಿನ ಸ್ಥಿತಿಯನ್ನು. ಹದಿನೇಳು ಅಕ್ಷರ-ಅಂಕಿಗಳ ಚಾಸಿಸ್ ನಂಬರ್ ಕೊಟ್ಟು ಕಾರಿನ ಚರಿತ್ರೆಯ ವರದಿ ತರಿಸಿಕೊಳ್ಳುವ ಖರ್ಚು ದೊಡ್ಡದಲ್ಲ.

ಮಾರುವವರಿಗೂ ಒಂದು ಮಾತು

ನಮ್ಮ ಹಳೆ ಕಾರನ್ನು ಇಂಥ ಡೀಲರ್‌ಗಳಿಗೆ ಕೊಟ್ಟು, ಹಣ ಎಣಿಸಿ ಮರೆತುಬಿಡುವವರೂ ಇದ್ದಾರೆ. ಆರ್‌ಸಿಯಲ್ಲಿ ಯಾರ ಹೆಸರು ಉಂಟೋ, ಅಪಘಾತ ಪರಿಹಾರದ ಮಟ್ಟಿಗೆ ಮಾಲಕ ಅವನೇ ಎಂದು ಸುಪ್ರೀಂ ಕೋರ್ಟು 2018ರ ಫೆಬ್ರವರಿಯಲ್ಲಿ ಸ್ಪಷ್ಟಪಡಿಸಿದೆ. ಆ ಪ್ರಕರಣದಲ್ಲಿ ಕಾರು ಒಬ್ಬರಿಂದ ಒಬ್ಬರಿಗೆ ಎಂದು ಹಲವು ಕೈ ದಾಟಿತ್ತು, ಆರ್‌ಸಿ ಮಾತ್ರ ಮೊದಲಿನವನ ಹೆಸರಿನಲ್ಲೇ ಉಳಿದಿತ್ತು. ಆದ್ದರಿಂದ ಕಾರು ಒಪ್ಪಿಸುವ ದಿನವೇ 29ಸಿ ಸಲ್ಲಿಸಿ, ಅದರ ಪ್ರತಿಯನ್ನು ಜೋಪಾನವಾಗಿ ಇಟ್ಟುಕೊಳ್ಳಿ.

ಕೊಂಡವರು ವಿಮೆಯನ್ನೂ ಮರೆಯಬಾರದು. ಮಾಲಕತ್ವ ಬದಲಾದ 14 ದಿನದೊಳಗೆ ವಿಮಾ ಕಂಪೆನಿಗೆ ತಿಳಿಸಬೇಕು. ಮೂರನೇ ವ್ಯಕ್ತಿಯ ವಿಮೆ ಕಾರಿನ ಜತೆ ಬಂದರೂ, ಕಾರಿಗೇ ಆಗುವ ಹಾನಿಯ ವಿಮೆ ತಾನಾಗಿ ನಮ್ಮ ಹೆಸರಿಗೆ ಬರುವುದಿಲ್ಲ.

ಸಂಘ ಸಂಸ್ಥೆಗಳಿಗೆ ಕಾರು ಕೊಳ್ಳುವಾಗ

ಚರ್ಚಿನ ಆಂಬ್ಯುಲೆನ್ಸ್, ಶಾಲೆಯ ವ್ಯಾನು, ಆಶ್ರಮದ ಜೀಪು ಕೊಳ್ಳುವಾಗ ‘ಕಡಿಮೆಗೆ ಸಿಗುತ್ತದಲ್ಲ’ ಎಂಬ ಸಲಹೆ ಪಾಲನಾ ಮಂಡಳಿಯ ಸಭೆಗೂ ಬರಬಹುದು. ಅದು ಜನರು ಕಷ್ಟಪಟ್ಟು ದುಡಿದು ಕೊಟ್ಟ ಹಣ. ಒಬ್ಬರ ಮಾತಿನ ಮೇಲೆ, ಒಂದು ರಾತ್ರಿಯಲ್ಲಿ, ಒಂದು ಬಿಡ್‌ನಲ್ಲಿ ಖರ್ಚು ಮಾಡಬಾರದು. ಮೆಕ್ಯಾನಿಕ್ ಸಹಿತ ಇಬ್ಬರು ಹೋಗಿ ನೋಡಿ ಬರಲಿ. ಹಣ ಸಂಸ್ಥೆಯ ಖಾತೆಯಿಂದಲೇ ಹೋಗಲಿ, ಆರ್‌ಸಿ ಸಂಸ್ಥೆಯ ಹೆಸರಿಗೇ ಆಗಲಿ. ಮಕ್ಕಳು, ರೋಗಿಗಳು ಕುಳಿತುಕೊಳ್ಳುವ ವಾಹನಕ್ಕೆ ನೀರು ಕುಡಿದ ಕಾರು ಬೇಡವೇ ಬೇಡ.

ಚುಟುಕಾಗಿ ಹೇಳುವುದಾದರೆ

1. ಕಾರನ್ನು ಕಣ್ಣಾರೆ ನೋಡದೆ, ಪರಿಚಯದ ಮೆಕ್ಯಾನಿಕ್ ನೋಡದೆ ಬಿಡ್ ಹಾಕಬೇಡಿ.

2. ವಾಹನ್ ಮತ್ತು ಇ-ಚಲನ್ ತಾಣಗಳ ಮಾಹಿತಿಯನ್ನು ಮೊದಲೇ ಮುದ್ರಿಸಿ ಇಟ್ಟುಕೊಳ್ಳಿ.

3. ತೆರಿಗೆ, ಸಾಗಾಟ, ಶುಲ್ಕ, ರಿಪೇರಿ ಎಲ್ಲವನ್ನೂ ಸೇರಿಸಿ ಒಟ್ಟು ಕ್ರಯ ಬರೆಯಿರಿ. ಅದರ ಮೇಲೆ ನಿಮ್ಮ ಮಿತಿ ನಿಶ್ಚಯಿಸಿ. ಮಿತಿ ದಾಟಿದ ಕ್ಷಣ ಮೊಬೈಲ್ ಕೆಳಗಿಡಿ.

4. ಫಾರ್ಮ್ 35 ಮತ್ತು ಎನ್‌ಒಸಿ ಕೈಗೆ ಬಾರದೆ ಪೂರ್ತಿ ಹಣ ಕೊಡಬೇಡಿ. ಏಲಂನ ಷರತ್ತು ಅದಕ್ಕೆ ಒಪ್ಪದಿದ್ದರೆ ಆ ಕಾರು ನಮಗಲ್ಲ.

5. ಯಾರದೇ ಸ್ವಂತ ಖಾತೆಗೆ ಹಣ ಹಾಕಬೇಡಿ. ಡೀಲರ್ ಹೇಳಿದ್ದೆಲ್ಲ ಬರವಣಿಗೆಯಲ್ಲಿ ಇರಲಿ.

ಮೊದಲು ಹೇಳಿದ ಆ ಪರಿಚಯದವರನ್ನು ಮೊನ್ನೆ ಮತ್ತೆ ಕಂಡೆವು. ಈ ಲೇಖನಕ್ಕೆ ಅವರ ಕಥೆ ಬರೆಯಬಹುದೇ ಎಂದು ಕೇಳಿದಾಗ, “ಬರೆಯಿರಿ, ಹೆಸರು ಮಾತ್ರ ಬೇಡ” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಚೆನ್ನೈ ಅಂದ್ರೆ ರೈಲಿನಲ್ಲಿ ಒಂದು ರಾತ್ರಿ ಅಲ್ವಾ? ಹೋಗಿ ಬರ್ಲಿಕ್ಕೆ ಎರಡು ಸಾವಿರ ಖರ್ಚಾಗ್ತದೆ ಅಂತ ಹೋಗ್ಲಿಲ್ಲ. ಆ ಎರಡು ಸಾವಿರ ಉಳಿಸ್ಲಿಕ್ಕೆ ಹೋಗಿ ಮೂರು ಲಕ್ಷ ಹೋಯ್ತು ನೋಡಿ” ಎಂದರು.

ಹಬ್ಬದ ಏಲಂನಲ್ಲಿ ನೂರು ರೂಪಾಯಿಯ ಬಾಳೆಗೊನೆಯನ್ನೂ ತಿರುಗಿಸಿ ನೋಡಿ ಕೊಳ್ಳುವ ನಾವು, ಮೂರು ಲಕ್ಷದ ಕಾರನ್ನು ನೋಡದೆ ಕೊಳ್ಳುವುದು ಬೇಡ.